ಬೂಟಿನ ಕೆಳಗಿನ ಬಳೆ ಚೂರು

ಬೆಟಗೇರಿ,
ಬಸವ ಜಯಂತಿಯ ಮರುದಿನ

ಲಕ್ಷ್ಮೇಶ್ವರದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುವ ನನ್ನ ಗೆಳೆಯ ಮಾಶಾಕನಿಗೆ ಹುಚ್ಚೀರಪ್ಪನ ನಮಸ್ಕಾರ.

ಕ್ಷೇಮವೇ ಅಂತ ಕೇಳುವುದಿಲ್ಲ. ನಿನ್ನೆ ನಿನ್ನ ಮನೆಯಾಕೆ ಹಸೀನಾಬಿ ಫೋನ್ ಮಾಡಿ, “ಅಣ್ಣಾ, ರಿಪೋರ್ಟ್ ಬಂತು. ಗಂಟಲಾಗಿಂದು ಬರೇ ಗಂಟಂತ, ಕ್ಯಾನ್ಸರ್ ಅಲ್ಲಂತ” ಎಂದು ಅತ್ತಳು. “ಅದಕ್ಯಾಕ ಅಳತೀಯವ್ವಾ, ಅವನ ಹೊಟ್ಟಿಗೆ ಏನರ ಹಾಕು” ಎಂದು ಗದರಿ ಫೋನ್ ಇಟ್ಟೆ. ಆಮೇಲೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸುಮ್ಮನೆ ಕೂತೆ. ನನ್ನ ಮನೆಯಾಕೆ, ನಿನ್ನ ವೈನಿ ಗುರುಸಿದ್ದವ್ವ ಬಂದು, “ಯಾಕ್ರೀ, ಕಣ್ಣಾಗ ಏನರ ಬಿತ್ತೇನು?” ಅಂದಳು. “ನೂಲಿನ ಎಳಿ” ಅಂದೆ. ಬೆಳಗಿನಿಂದ ಮಗ್ಗ ನಡೆದೇ ಇರಲಿಲ್ಲ. ಆಕೆ ಸೆರಗಿನ ತುದಿಯಿಂದ ನನ್ನ ಕಣ್ಣೊರೆಸಿ ಒಳಗೆ ಹೋದಳು, ಪುಣ್ಯಾತ್ಗಿತ್ತಿ.

ಡಾಕ್ಟರು ಒಂದು ತಿಂಗಳು ಮಾತಾಡಬೇಡ ಅಂದಿದ್ದಾರಂತೆ. ಫೋನ್ ಮಾಡಿದರೆ ನೀನು ಕೇಳಿಸಿಕೊಂಡು ಸುಮ್ಮನಿರುವ ಪೈಕಿ ಅಲ್ಲ. ಅದಕ್ಕೇ ಈ ಕಾಗದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ. ತಪ್ಪಿದ್ದರೆ ನಗು, ಆದರೆ ದನಿ ತೆಗೆಯದೆ ನಗು.

ನಿಜ ಹೇಳಲೇ? ನಾನು ಬಹಳ ಹೆದರಿದ್ದೆ. ಶಿರಹಟ್ಟಿ, ಮುಂಡರಗಿ ಸಂತೆಗಳಲ್ಲಿ ಆಯುಷ್ಯವಿಡೀ ಬಳೆ ಬಳೆ ಅಂತ ಕೂಗಿದರೂ ಏನೂ ಆಗದ ಗಂಟಲು ನಿನ್ನದು. ಅದು ಕಟ್ಟಿದ್ದು ನಿನ್ನ ಮೊಮ್ಮಗಳು ಅಫ್ರೀನಳ ಮದುವೆಯಲ್ಲಿ, ನನ್ನ ಜೊತೆ ಜಗಳಾಡಿ. ಅದೂ ಒಂದು ಹಳೇ ಸಿನಿಮಾದ ಸಲುವಾಗಿ.

ಎಂಥ ಸಿನಿಮಾ ಅದು! ನಮಗೆ ಮೀಸೆ ಚಿಗುರುವ ಕಾಲದಲ್ಲಿ ಗದಗಿನ ಟಾಕೀಜಿನಲ್ಲಿ ನೋಡಿದ್ದು. ಅರ್ಧ ಕತ್ತಲೆ, ಉಳಿದರ್ಧ ಸಿಗರೇಟಿನ ಹೊಗೆ. ಒಬ್ಬರೂ ನಗುವುದಿಲ್ಲ. ಕರಿಕೋಟಿನ ಪತ್ತೇದಾರ, ಕೊಲೆಯಾದ ಸಾಹುಕಾರನ ಮನೆಯಲ್ಲಿ ಸಿಕ್ಕ ಬಳೆ ಚೂರನ್ನು ಜೇಬಿನಲ್ಲಿಟ್ಟುಕೊಂಡು, ಅದು ಯಾರ ಬಳೆ ಅಂತ ಹುಡುಕುತ್ತ ಊರೆಲ್ಲ ತಿರುಗುತ್ತಾನೆ. ಕೊನೆಗೆ ಸಾಹುಕಾರನ ಹೆಂಡತಿ ಊರು ಬಿಡಲು ರೈಲು ಹತ್ತುತ್ತಾಳೆ. ಇವನು ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಕಡ್ಡಿಪೆಟ್ಟಿಗೆ ತೆಗೆಯುವಾಗ ಚೂರು ಕೆಳಗೆ ಬೀಳುತ್ತದೆ. ಸಿಗರೇಟು ಹಚ್ಚಿ ಕಡ್ಡಿ ಎಸೆಯುತ್ತಾನೆ. ಬೂಟು ಚೂರಿನ ಮೇಲೆ ಬರುತ್ತದೆ. ರೈಲು ಹೋಗುತ್ತದೆ. ಮುಗಿಯಿತು.

ಟಾಕೀಜಿನ ಬಾಗಿಲು ದಾಟುವ ಮೊದಲೇ ನೀನು, “ಅವಗ ಎಲ್ಲಾ ಗೊತ್ತಿತ್ತಲೇ. ಆಕಿನ್ನ ಬಿಡಾಕಂತನ ಚೂರು ಮುಚ್ಚಿದ” ಅಂದೆ. “ಮಣ್ಣು ಗೊತ್ತಿತ್ತು! ಕಡ್ಡಿ ಆರಿಸಾಕ ಕಾಲಿಟ್ಟ, ಚೂರು ಅಡ್ಯಾಗ ಸಿಕ್ತು. ದಡ್ಡ ಅವ” ಅಂದೆ ನಾನು. ಅಂದು ಹತ್ತಿದ ಜಗಳ. ಒಮ್ಮೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದುವುದನ್ನು ಬಿಟ್ಟು, “ಯಾವ ಊರಾಗ ಕೊಲಿ ಆತ್ರಿ ಯಜಮಾನ್ರ?” ಅಂತ ಕೇಳಿದ್ದ. ಮದುವೆಯಲ್ಲಿ ನೀನು “ಹೇಂತೀನ ಕೊಂದಾಳ!” ಎಂದು ಒದರಿದ್ದಕ್ಕೆ ಗಂಡಿನ ಕಡೆಯವರು ಬಿರಿಯಾನಿ ತಾಟು ಕೆಳಗಿಟ್ಟು ಎದ್ದು ನಿಂತಿದ್ದರು. ಮರುದಿನ ನಿನ್ನ ದನಿ ಇಲ್ಲ. ನಾನೇ ನಿನ್ನ ಗಂಟಲು ಹರಿದೆನೇ ಅಂತ ನನಗೆ ಊಟ ಸೇರಲಿಲ್ಲ.

ಆಪರೇಷನ್ ಮಾಡಿ ತೆಗೆದ ಗಂಟಿನ ತುಂಡು ಪರೀಕ್ಷೆಗೆ ಹೋಯಿತು ಅಂತ ಕೇಳಿದ ಮೇಲೆ ಲಾಳಿ ಬದಿಗಿಟ್ಟು ಮಗ್ಗದಿಂದ ಎದ್ದೆ. ವೀರಭದ್ರನ ಗುಡಿಗೆ ಹೋಗಿ ನಿಂತೆ. ಏನು ಹರಕೆ ಹೊರುವುದು? ಕಾಯಿ ಒಡೆಸುತ್ತೇನೆ ಅಂದರೆ, ಕಾಯಿ ಚಟ್ನಿಗೂ ಒಡೆಯುತ್ತೇವೆ. ಸಕ್ಕರೆ ಬಿಡುತ್ತೇನೆ ಅಂದರೆ, ಅದನ್ನು ಡಾಕ್ಟರು ಎಂದೋ ಬಿಡಿಸಿದ್ದಾರೆ. ಬಿಟ್ಟದ್ದನ್ನೇ ಮತ್ತೆ ಬಿಟ್ಟರೆ ದೇವರಿಗೆ ಮೋಸ. ಬಿಡಲಾರದ್ದನ್ನು ಬಿಡಬೇಕಲ್ಲ. ಬಾಯಿಂದ ತಾನೇ ಬಂತು: “ಯಪ್ಪಾ, ಮಾಶ್ಯಾನ ಗಂಟಲಾ ಉಳಿಸು. ಬೂಟಿನ ಮಾತಿನ್ಯಾಗ ಅವಂದ ಖರೆ ಅಂತ ಒಪ್ಕೊಂತೀನಿ.” ಪೂಜಾರಿ ನನ್ನ ಮುಖ ನೋಡಿ, “ಯಾರ ಬೂಟರಿ?” ಅಂದ. “ನಿನಗ್ಯಾಕ, ನೀ ಮಂಗಳಾರತಿ ಮಾಡು” ಅಂದೆ.

ದೇವರು ತನ್ನ ಕೆಲಸ ಮಾಡಿದ. ಈಗ ನನ್ನದು. ಓದಿಕೋ: ಪತ್ತೇದಾರನಿಗೆ ಗೊತ್ತಿತ್ತು. ಬೂಟು ಬೇಕಂತಲೇ ಇಟ್ಟ. ನೀನು ಹೇಳಿದ್ದು ಖರೆ. ಇದನ್ನು ಬರೆಯುವಾಗ ಪೆನ್ನೇ ನಿಂತುಬಿಟ್ಟಿತ್ತು, ಕೊಡವಿ ಕೊಡವಿ ಬರೆದಿದ್ದೇನೆ.

ಬಾಯಿ ಮಾತಿನ ಹರಕೆ ಆಗಬಾರದು ಅಂತ ಮೊಮ್ಮಗಳು ಸ್ನೇಹಾಳ ಫೋನಿನಲ್ಲಿ ಆ ಸಿನಿಮಾ ಹುಡುಕಿಸಿ ಮತ್ತೆ ನೋಡಿದೆ. ಆಕೆ, “ಅಜ್ಜಾ, ಭಾಳ ಸ್ಲೋ ಐತಿ ಇದು” ಎಂದು ನಡುವೆಯೇ ಎದ್ದುಹೋದಳು. ನಾನು ಕೂತೆ. ಬೂಟು ಲಗೂನ ಬರುವುದಿಲ್ಲ ಮಾಶಾಕ. ಎಸೆದ ಕಡ್ಡಿ ತಾನೇ ಆರುತ್ತದೆ. ಆಕೆ ರೈಲಿನ ಬಾಗಿಲಲ್ಲಿ ನಿಂತು ಚೂರನ್ನು ನೋಡುತ್ತಾಳೆ. ಅವನು ಆಕೆಯನ್ನು ನೋಡುತ್ತಾನೆ. ಆಮೇಲೆ ಬೂಟು ಬರುತ್ತದೆ, ಮೆಲ್ಲಗೆ, ಮಲಗಿದ ಕೂಸಿನ ಮೇಲೆ ದುಪ್ಪಟಿ ಹೊದಿಸಿದ ಹಾಗೆ. ಇಷ್ಟು ವರ್ಷ ನನಗೆ ಅದು ಕಾಣಲೇ ಇಲ್ಲವಲ್ಲೋ.

ಮಾತು ಬಂದ ದಿನ ಮೊದಲ ಫೋನ್ ನನಗೇ ಮಾಡಬೇಕು. ಬಹಳ ಮಾತಾಡಬೇಡ. “ಲೇ ಹುಚ್ಚ್ಯಾ” ಅನ್ನು, ಸಾಕು.

ಇತಿ,
ನಿನಗೆ ಸೋತು ಸಂತೋಷದಲ್ಲಿರುವ
ಹುಚ್ಚೀರಪ್ಪ

ತಾ.ಕ.: ಕಾಗದ ಮಡಚುವಾಗ ಮತ್ತೆ ಹಸೀನಾಬಿಯ ಫೋನು. ಆಪರೇಷನ್ನಿಗೆ ಹೋಗುವ ಮೊದಲು ನೀನೂ ದರ್ಗಾದಲ್ಲಿ ಮನ್ನತ್ ಮಾಡಿದ್ದೆಯಂತೆ, ಗಂಟಲು ಉಳಿದರೆ ಹುಚ್ಚೀರಪ್ಪನ ಮಾತೇ ಖರೆ ಅಂತೀನಿ ಅಂತ. ನಿನ್ನೆಯಿಂದ ಪಾಟಿಯ ಮೇಲೆ “ಪತ್ತೇದಾರ ದಡ್ಡ” ಎಂದು ಬರೆದು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದೀಯಂತೆ. ಲೇ ಮಾಶ್ಯಾ, ಯಾರಲೇ ದಡ್ಡ? ಬೇಕಂತಲೇ ಬೂಟು ಇಟ್ಟದ್ದು ಕಾಣುವುದಿಲ್ಲವೇ, ಕಣ್ಣಿಲ್ಲವೇ ನಿನಗೆ? ಮೊದಲು ಆ ಪಾಟಿ ಒರೆಸು. ಜಲ್ದಿ ಆರಾಮಾಗು, ನಿನ್ನ ಜೊತೆ ಮಾತಾಡುವುದಿದೆ.