ಚಕ್ರಮೌನದ ದಿನ ಅತ್ತೆ ಹುಯ್ದ ದೋಸೆ

ದಾವಣಗೆರೆ,
ಫೆಬ್ರವರಿ ಮೂವತ್ತು, ೨೨೧೪

ಸ್ಟೀರಿಂಗ್ ಹಿಡಿದ ನಮ್ಮ ಹಿರಿಯರಿಗೆಲ್ಲ ಕೆಂಚಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆಯೆಂದು ನಮ್ಮ ಕಾಲದವರು ಅದಕ್ಕೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ, ಬಂದಲ್ಲೇ ಅರ್ಥ ಹೇಳುತ್ತಾ ಹೋಗುತ್ತೇನೆ. ಇನ್ನು ಹೆಸರುಗಳು. ನಿಮ್ಮಲ್ಲಿ ಅಜ್ಜಿಯರಿಗಿದ್ದ ಹೆಸರುಗಳೇ ಈಗ ಹೊಸ ಫ್ಯಾಷನ್ನು. ಹಾಗಾಗಿ ನಾನು ಕೆಂಚಮ್ಮ, ನನ್ನ ಮಗಳು ಹಾಲವ್ವ, ಎಪ್ಪತ್ತು ದಾಟಿದ ನಮ್ಮತ್ತೆ ಶ್ರಾವ್ಯ.

ನಮ್ಮ ರಸ್ತೆಗಳ ತುಂಬ ತಾನೋಟಗಳು, ಅಂದರೆ ತಾವೇ ಓಡುವ ಬಂಡಿಗಳು. ಒಳಗೆ ಕೂತವರು ಶೇಂಗಾ ಸುಲಿಯುತ್ತಲೋ ತೂಕಡಿಸುತ್ತಲೋ ಊರು ಸೇರುತ್ತಾರೆ. ಮಣ್ಣಿನ ದಾರಿ ಕಂಡರೆ ಮಾತ್ರ ಈ ತಾನೋಟಗಳು ಮುನಿಸಿಕೊಂಡು ನಿಂತುಬಿಡುತ್ತವೆ. ಅದರಿಂದಲೇ ಕೈಬಂಡಿಯವರ, ಅಂದರೆ ಕೈಯಾರೆ ಗಾಡಿ ಓಡಿಸುವ ನಮ್ಮಂಥವರ, ಹೊಟ್ಟೆಪಾಡು ನಡೆದಿದೆ. ಊರಾಚೆಯ ಶಾಲೆಗೆ ಮಕ್ಕಳನ್ನು ಬಿಟ್ಟು ಕರೆತರುವುದು ನನ್ನ ಕೆಲಸ. ಹಾಲವ್ವ ಓದುವುದೂ ಅಲ್ಲಿಯೇ.

ಚಾಲಕರು ಮೊದಲ ಸಲ ತಪ್ಪಿದರೆ ಪೊಲೀಸರು ದಂಡ ಹಾಕದೆ ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ನಿಮ್ಮಲ್ಲೂ ಈ ಪದ್ಧತಿ ಇತ್ತಂತೆ, ಆದರೆ ರಸ್ತೆಯಲ್ಲಿ ಹೇಳಿದ್ದು ಮುಂದಿನ ಸರ್ಕಲ್ ಬರುವಷ್ಟರಲ್ಲಿ ಮರೆತುಹೋಗುತ್ತಿತ್ತಂತೆ. ಅದಕ್ಕೇ ನಮ್ಮ ಪೊಲೀಸರು ಮದುವೆಗೆ ಕರೆಯಲು ಬಂದವರ ಹಾಗೆ ಮನೆಗೇ ಬಂದು, ಮನೆಯವರೆಲ್ಲರ ಎದುರು ಹೇಳುತ್ತಾರೆ. ಅಲ್ಲಿಯವರೆಗೆ ಗಾಡಿಗೆ ಚಕ್ರಮೌನ. ಅಂದರೆ ಚಕ್ರ ಒಂದಿಂಚೂ ಅಲುಗದು. ಎಚ್ಚರಿಕೆಯನ್ನು ಕೊನೆಯ ಮಾತಿನವರೆಗೂ ಕೇಳಿಸಿಕೊಂಡರೆ ಪೊಲೀಸರೇ ಬೀಗ ತೆಗೆಯುತ್ತಾರೆ.

ಹೋದ ಶನಿವಾರ ಬೆಳಿಗ್ಗೆ ಶಾಲೆಯ ಹತ್ತಿರ, ಬಿದಿರು ಮೆಳೆ ಅಡ್ಡವಾಗಿ ಆಚೆಯದೇನೂ ಕಾಣದ ತಿರುವಿನಲ್ಲಿ, ನಾನು ಜೋರಾಗಿ ಗಾಡಿ ತಿರುಗಿಸಿದೆ. ಮನೆ ಮುಟ್ಟುತ್ತಲೇ ಗಾಡಿಗೆ ಚಕ್ರಮೌನ ಬಿತ್ತು. ಮಧ್ಯಾಹ್ನ ಕಾನ್‌ಸ್ಟೇಬಲ್ ರಜಿಯಾಬಿ ನಮ್ಮ ಬಾಗಿಲಿಗೆ ಬಂದರು. ಅವತ್ತೇ ಸಂಜೆ ಹಾಲವ್ವನ ತಂಡಕ್ಕೆ ಖೋ ಖೋ ಫೈನಲ್. ಮಕ್ಕಳನ್ನು ಶಾಲೆಯಿಂದ ಮೈದಾನಕ್ಕೆ ಕರೆದೊಯ್ಯಬೇಕಾದವಳು ನಾನು. ಹೊತ್ತಿಗೆ ಮುಟ್ಟದಿದ್ದರೆ ಆಟವಾಡದೆಯೇ ಸೋಲು. ಹಾಲವ್ವ ವಾರದಿಂದ ನಿದ್ದೆಯಲ್ಲೂ ಖೋ ಕೊಡುತ್ತಿದ್ದಳು.

ನಮ್ಮತ್ತೆಗೆ ಎಚ್ಚರಿಕೆ ಎಂದರೆ ಮನೆತನಕ್ಕೆ ಬಳಿದ ಮಸಿ. ಬೆಣ್ಣೆ ದೋಸೆ ತಿಂದವರು ತಿನ್ನಿಸಿದವರನ್ನು ಗದರಿಸಲಾರರು ಎಂಬುದು ಅವರ ಲೆಕ್ಕ. ದೋಸೆ ಮಾತ್ರ ನಿಮ್ಮ ಕಾಲದ್ದೇ, ಚಿಂತೆ ಬೇಡ. ರಜಿಯಾಬಿ ಬಾಯಿ ತೆರೆದಾಗಲೆಲ್ಲ ತಟ್ಟೆಗೆ ಇನ್ನೊಂದು ಬಿತ್ತು.

"ಮೊದ್ಲು ತಿನ್ರವ್ವ, ಮಾತು ಎಲ್ಲಿಗೆ ಹೋಗ್ತತಿ?"

ಬಿಸಿ ದೋಸೆಯನ್ನು ಬೇಡವೆನ್ನುವ ಮನುಷ್ಯರು ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಅವರು ತಿಂದರು, ಹೊತ್ತು ಜಾರಿತು, ನಾನು ಮುಳ್ಳಿನ ಮೇಲೆ ಕೂತವಳಂತೆ ಒದ್ದಾಡಿದೆ. ಕೊನೆಗೆ ತಡೆಯಲಾರದೆ ಅತ್ತೆಯ ಕೈಯಿಂದ ಸಟ್ಟುಗ ಕಸಿದುಕೊಂಡೆ.

"ಅತ್ತೆ, ಇವ್ರು ಹೇಳ್ಲಿ ಬಿಡ್ರಿ. ಹೇಳಿದ್ರೇ ನನ್ನ ಗಾಡಿ ಬಿಡೋದು!"

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಹಂಗಾದ್ರೆ ಈಕಿ ಬೈಯಾಕೆ ಬಂದಿಲ್ಲೇನು?"

"ಬೈಯಾಕಲ್ಲಮ್ಮ, ಬಿಡ್ಸಾಕೆ ಬಂದೀನಿ," ಎಂದು ರಜಿಯಾಬಿ ಕೈ ಒರೆಸಿಕೊಂಡು ನನ್ನತ್ತ ತಿರುಗಿದರು. "ಕೆಂಚಮ್ಮನೋರೆ, ಆ ಮೆಳೆ ಹಿಂದೆ ಏನೈತಿ ನಿಮಗೆ ಕಾಣಲ್ಲ. ಕಾಣ್ದಿರೋ ಕಡೆ ಒಂದು ಕೂಸು ನಿಂತೈತಿ ಅಂದ್ಕಂಡು ಗಾಡಿ ಓಡ್ಸ್ರಿ. ಇನ್ನೊಂದ್ಸಲ ಹಿಂಗಾದ್ರೆ ದಂಡ ಐತಿ. ಅಷ್ಟೇ, ಹೋಗಿ ಬರ್ರಿ."

ಇಷ್ಟಕ್ಕೆ ಮುಗಿಯಿತು, ಗಾಡಿಯ ಬೀಗವೂ ಕಳಚಿತು. ಕೇಸಿಲ್ಲ, ಕೋರ್ಟಿಲ್ಲ. ಅತ್ತೆ ಇಷ್ಟೇನಾ ಎಂದು ಪೆಚ್ಚಾಗಿ ಒಲೆ ಆರಿಸಿದರು.

ನಾನು ಗಾಡಿ ದೌಡಾಯಿಸಿದೆ. ಮೆಳೆಯ ತಿರುವು ಬಂದಾಗ ನಿಜ ಹೇಳಬೇಕೆಂದರೆ ನಿಧಾನಿಸುವ ಮನಸ್ಸಿರಲಿಲ್ಲ, ಅಷ್ಟು ತಡವಾಗಿತ್ತು. ಆದರೆ ರಜಿಯಾಬಿಯ ಮಾತು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಅದೇ ಗಳಿಗೆಗೆ ಮೆಳೆಯ ಹಿಂದಿನಿಂದ ಒಂದು ಹುಡುಗಿ ಓಡಿಬಂದು ನಡುರಸ್ತೆಯಲ್ಲಿ ನಿಂತಳು. ಕಾದು ಸಾಕಾಗಿ ನನ್ನನ್ನು ಹುಡುಕಿಕೊಂಡು ಬಂದ ಹಾಲವ್ವ. ಗಾಡಿ ಅವಳ ಮುಂದೆ ಕೈಯಳತೆಯಲ್ಲಿ ನಿಂತಿತು.

"ಯವ್ವಾ, ಎಲ್ಲಿಗೆ ಹೋಗಿದ್ದಿ? ಟೈಮಾತು!"

ನಾನು ಇಳಿದು ಅವಳನ್ನು ಅಪ್ಪಿಕೊಂಡು ನಕ್ಕೆ, ಅಳುತ್ತಲೇ ಮತ್ತೆ ನಕ್ಕೆ. ಇವಳಿಗೇನೋ ಆಗಿದೆ ಎಂದು ಅವಳ ಹಿಂದೆಯೇ ಬಂದ ತಂಡದ ಮಕ್ಕಳು ಮುಖಮುಖ ನೋಡಿಕೊಂಡವು. ಹೊತ್ತಿಗೆ ಸರಿಯಾಗಿ ಮೈದಾನ ಮುಟ್ಟಿದೆವು. ಪಂದ್ಯದಲ್ಲಿ ನಮ್ಮ ತಂಡ ಸೋತಿತು, ಆ ಮಾತು ಬೇರೆ.

ಹಿರಿಯರೇ, ನಿಮ್ಮದು ಇನ್ನೂ ರಸ್ತೆಯಲ್ಲೇ ಎಚ್ಚರಿಕೆ ಸಿಗುವ ಕಾಲ. ಪೊಲೀಸರು ಕೈ ಅಡ್ಡ ಹಿಡಿದಾಗ, ನಮ್ಮ ಮಾವ ಇನ್‌ಸ್ಪೆಕ್ಟರು ಎಂದು ಫೋನ್ ತೆಗೆಯಬೇಡಿ. ದಂಡವಿಲ್ಲದೆ ಬಿಟ್ಟರಲ್ಲ ಎಂದು ಗೆದ್ದವರ ಹಾಗೆ ಅರ್ಧ ಮಾತಿಗೇ ಗೇರು ಹಾಕಲೂಬೇಡಿ. ಎಂಜಿನ್ ಆರಿಸಿ, ಕೊನೆಯವರೆಗೆ ಕೇಳಿ, ಆಮೇಲೆ ನಿಧಾನವಾಗಿ ಹೋಗಿ ಬನ್ನಿ.

ಇಲ್ಲಿಗೆ ನಿಲ್ಲಿಸುತ್ತೇನೆ. ಹಾಲವ್ವ ನನ್ನ ಭುಜದ ಮೇಲೆ ಗದ್ದವಿಟ್ಟು ಇದನ್ನೆಲ್ಲ ಓದುತ್ತಿದ್ದಾಳೆ, ಸೋತ ವಿಷಯ ಹೊಡೆದುಹಾಕು ಎಂದು ಪೀಡಿಸುತ್ತಿದ್ದಾಳೆ.

ನಿಮ್ಮ ಮುಂದಿನವಳು,
ಕೆಂಚಮ್ಮ