ನಾಲೆಯಂಚಿನ ವೆನಿಸ್

ಧರ್ಮೇಂದ್ರ ಬಾವ,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಅಂಚೆಚೀಟಿಯಷ್ಟೂ ನೀನು ಬೆಲೆ ಬಾಳುವವನಲ್ಲ.

ಕ್ಯಾತನಹಳ್ಳಿಯ ಕಬ್ಬಿನ ಗದ್ದೆಯನ್ನು ಸೈಟು ಮಾಡಿ ಮಾರಿ ಮೈಸೂರು ಸೇರಿದೆ, ಸರಿ. ಪಕ್ಕದಲ್ಲಿ ನಾಲೆ ಹರಿಯುತ್ತದೆಂದು ಅದಕ್ಕೆ ‘ವೆನಿಸ್’ ಎಂದು ಹೆಸರಿಟ್ಟೆಯಲ್ಲ, ಇಟಲಿ ಯಾವ ದಿಕ್ಕಿಗಿದೆ ಎಂದಾದರೂ ನಿನಗೆ ಗೊತ್ತೇ? ನಮ್ಮ ಪಕ್ಕದ ಪಾಂಡವಪುರವನ್ನು ಹಿಂದೆ ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಅಲ್ಲಿ ಫ್ರೆಂಚ್ ಸಿಪಾಯಿಗಳಾದರೂ ಬೀಡುಬಿಟ್ಟಿದ್ದರು. ನಿನ್ನ ವೆನಿಸ್ಸಿನ ನಾಲೆಯಲ್ಲಿ ಈಜುವುದು ನಮ್ಮೂರಿನ ಎಮ್ಮೆಗಳೇ.

ಇವತ್ತು ಮಹಾಲಯ ಅಮಾವಾಸ್ಯೆ. ನಿನಗೆ ನೆನಪಿರಲಾರದು. ಆ ಗದ್ದೆಯ ಮೂಲೆಯಲ್ಲಿ ಮಣ್ಣು ಮಾಡಿದ ನಿನ್ನ ಅವ್ವನಿಗೆ ಎಡೆ ಇಡಲು ಕಜ್ಜಾಯ ಹಿಡಿದು ಹೋದೆ. ನನ್ನನ್ನು ಸಾಯುವ ತನಕ ಸೊಸೆ ಎಂದೇ ಕರೆದವಳು. ಊರೆಲ್ಲ ಅವಳ ಹೆಸರು ಹಿಡಿದು ‘ತಾಯಮ್ಮನ ಗದ್ದೆ’ ಎನ್ನುತ್ತಿದ್ದ ಜಾಗಕ್ಕೆ ಈಗೊಂದು ಕಮಾನು, ಗೇಟು, ನೀಲಿ ಅಂಗಿಯ ಕಾವಲುಗಾರ.

“ಯಾರ್ನ ನೋಡ್ಬೇಕಿತ್ತಕ್ಕ?” ಎಂದ.

“ತಾಯಮ್ಮನ್ನ,” ಎಂದೆ.

ಅವನು ಒಳಗಿನ ಮನೆಗಳತ್ತ ಒಮ್ಮೆ ನೋಡಿ, ಪಾಪ, ಮರ್ಯಾದೆಯಿಂದಲೇ ಹೇಳಿದ:

“ಆ ಎಸ್ರಿನೋರು ವೆನಿಸ್ಸಲ್ಲಿ ಯಾರೂ ಇಲ್ಲ ಕಣಕ್ಕ.”