ನಮ್ಮ ಸಂತನ ಮೂಗು ನೀವೇ ಇಟ್ಟುಕೊಳ್ಳಿ

ಧರ್ಮಪ್ರಾಂತ್ಯದ ಕಲಾಸಂಪತ್ತು ಸಂರಕ್ಷಣಾ ಕಚೇರಿಯ ಮುಖ್ಯಸ್ಥರಿಗೆ

ಮಾನ್ಯರೇ,

ನಮ್ಮ ಸಂತ ಉರ್ಬಾನನಿಗೆ ಹೊಸ ಮೂಗು ಬೇಕೆಂದು ನಿಮ್ಮನ್ನು ಯಾರು ಕೇಳಿದ್ದರು? ಮರಕ್ಕೆ ಹುಳು ಹಿಡಿದಿದೆಯೇ ನೋಡಿ ಆರು ವಾರದಲ್ಲಿ ಕಳಿಸುತ್ತೇವೆ ಎಂದು ಹೇಳಿ, ಕಂಬಳಿಯಲ್ಲಿ ಸುತ್ತಿ, ವ್ಯಾನಿನಲ್ಲಿ ಮಲಗಿಸಿಕೊಂಡು ಹೋದಿರಿ. ಎರಡು ವರ್ಷವಾಯಿತು. ಆರು ವಾರ ಎಂದರೆ ನಿಮ್ಮ ಕಚೇರಿಯಲ್ಲಿ ಎಷ್ಟು ದಿನ ಎಂದು ಒಮ್ಮೆ ತಿಳಿಸಿದರೆ ಉಪಕಾರವಾಗುತ್ತದೆ. ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿರುವುದು ಜಗಳ ಕಾಯಲು ಅಲ್ಲ. ನೇರವಾಗಿ ನಿಮಗೆ ಬರೆದ ಎರಡು ಪತ್ರಕ್ಕೂ ತಾವು ರಜೆಯಲ್ಲಿದ್ದೀರಿ ಎಂದೇ ಉತ್ತರ ಬಂತು. ರಜೆಯಲ್ಲಿರುವವರು ಪತ್ರಿಕೆಯನ್ನಾದರೂ ಓದುತ್ತಾರಲ್ಲ?

ನಾನು ಕೆಲ್ಟರ್‌ಬಾಖ್ ಊರಿನ ಚರ್ಚಿನ ಬೀಗದ ಕೈ ಇಟ್ಟುಕೊಂಡವಳು. ಕಸ ಗುಡಿಸುತ್ತೇನೆ, ಹೂವು ಬದಲಿಸುತ್ತೇನೆ, ಮೇಣದ ಬತ್ತಿ ಆರಿಸುತ್ತೇನೆ, ಆರಿಸಿದೆನೋ ಇಲ್ಲವೋ ಎಂದು ಮನೆಗೆ ಹೋದವಳು ಮತ್ತೆ ಬಂದು ನೋಡುತ್ತೇನೆ. ಎಂಟನೆಯ ತರಗತಿಯನ್ನು ಅರ್ಧಕ್ಕೇ ಬಿಟ್ಟವಳು. ಅದಕ್ಕೂ ಮೊದಲು ಶಾಲೆಗೆ ಹೋದದ್ದಕ್ಕಿಂತ ದ್ರಾಕ್ಷಿ ತೋಟಕ್ಕೆ ಹೋದದ್ದೇ ಹೆಚ್ಚು. ಇದರಲ್ಲಿ ತಪ್ಪುಗಳಿದ್ದರೆ ತಿದ್ದಿಕೊಳ್ಳಿ, ಆದರೆ ನಮ್ಮ ಉರ್ಬಾನನನ್ನು ತಿದ್ದಿದ ಹಾಗೆ ತಿದ್ದಬೇಡಿ. ಹೀಗೆಲ್ಲ ಬರೆದರೆ ನನ್ನ ಪಿಂಚಣಿಗೆ ಏನಾದರೂ ತೊಂದರೆಯಾದೀತೇ ಎಂಬ ಹೆದರಿಕೆಯೂ ಇದೆ. ಅದನ್ನು ಬೇರೆ ಕಚೇರಿಯವರು ಕೊಡುತ್ತಾರೆ, ಏನೂ ಆಗುವುದಿಲ್ಲ ಎಂದು ನಮ್ಮ ಫಾದರ್ ಮರೆಕ್ ಹೇಳಿದ್ದಾರೆ. ಅವರು ಪೋಲೆಂಡಿನವರು, ಆರು ಊರಿನ ಚರ್ಚುಗಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ. ಅವರ ಮಾತನ್ನು ಎಷ್ಟು ನಂಬಬಹುದೋ ಗೊತ್ತಿಲ್ಲ.

ಹೋದ ವಾರ ಎರಡು ಬಸ್ಸು ಬದಲಿಸಿ ನಿಮ್ಮ ಮ್ಯೂಸಿಯಮ್ಮಿಗೆ ಬಂದಿದ್ದೆ. ಹುಟ್ಟಿದಾಗಿನಿಂದ ನೋಡಿದ ಮುಖ, ಗುರುತೇ ಸಿಗಲಿಲ್ಲ ಸ್ವಾಮಿ. ಅವನ ಬದಲಿಗೆ ನೀವು ನಮಗೆ ಕಳಿಸಿದ ಪ್ಲಾಸ್ಟಿಕ್ ನಕಲಿಗೆ ಮಾತ್ರ ಮೂಗು ಅಂಟಿಸಿದ್ದೀರಿ ಎಂದುಕೊಂಡಿದ್ದೆ. ನಮ್ಮ ಉರ್ಬಾನನಿಗೆ ಮೂಗಿರಲಿಲ್ಲ. ಎಡಗೈಯಲ್ಲಿ ಎರಡೇ ಬೆರಳು. ನೀವು ಗಾಜಿನೊಳಗೆ ನಿಲ್ಲಿಸಿರುವವನಿಗೆ ಬ್ಯಾಂಕಿನ ಮ್ಯಾನೇಜರನ ಮೂಗು, ಕೈಯಲ್ಲಿ ಐದು ಬೆರಳು, ಕೆನ್ನೆಯಲ್ಲಿ ಕೆಂಪು. ಕೈಯಲ್ಲಿ ಹಿಡಿದ ದ್ರಾಕ್ಷಿ ಗೊಂಚಲು ನೋಡಿ ಇವನೇ ಎಂದುಕೊಂಡೆ. ಗಾಜಿನ ಮೇಲೆ ಯಾರದೋ ಬೆರಳಚ್ಚು ಇತ್ತು. ಅಭ್ಯಾಸಬಲ, ಸೆರಗಿನಂತೆ ಕುತ್ತಿಗೆಗೆ ಸುತ್ತಿಕೊಂಡ ಬಟ್ಟೆಯಿಂದ ಒರೆಸಿದೆ. ಕಾವಲಿನವನು ಓಡಿ ಬಂದ.

"ಅಮ್ಮಾ, ಗಾಜು ಮುಟ್ಟಬಾರದು."

"ಮುಟ್ತಾ ಇಲ್ಲಪ್ಪ, ಒರೆಸ್ತಾ ಇದೀನಿ."

"ಅದಕ್ಕೆ ಬೇರೆಯವರಿದ್ದಾರೆ."

"ಇದ್ದಾರಾ? ಹಾಗಾದ್ರೆ ಮೂಲೇಲಿ ಧೂಳು ಯಾಕಿದೆ?"

ಪಾಪ, ಅವನು ಒಳ್ಳೆಯ ಹುಡುಗ, ಕುರ್ಚಿ ತಂದುಕೊಟ್ಟ. ಕುಳಿತು ನಿಮ್ಮ ಫಲಕ ಓದಿದೆ. ನಮ್ಮ ಊರಿಗೆ ಏಳುನೂರ ಐವತ್ತು ವರ್ಷ ತುಂಬಿತೆಂದು ನೀವು ಅಚ್ಚು ಹಾಕಿಸಿದ ಚರಿತ್ರೆಯ ಪುಸ್ತಿಕೆಯಲ್ಲೂ ಅದೇ ಮಾತಿದೆ. ಸುಮಾರು ನಾನೂರು ವರ್ಷದ ಹಿಂದೆ, ಮೂವತ್ತು ವರ್ಷದ ಯುದ್ಧದಲ್ಲಿ ಸ್ವೀಡನ್ನಿನ ಸೈನಿಕರು ಈ ಪ್ರತಿಮೆಯನ್ನು ನೀರಿನ ತೊಟ್ಟಿಗೆ ಎಸೆದು ವಿರೂಪಗೊಳಿಸಿದರಂತೆ.

ಮಾನ್ಯರೇ, ಸ್ವೀಡನ್ನಿನವರು ಬಂದದ್ದು ನಿಜ. ಹಂದಿಗಳನ್ನು ತಿಂದರು, ಪೀಪಾಯಿಗಳನ್ನು ಬರಿದು ಮಾಡಿದರು, ಚರ್ಚಿನೊಳಗೆ ಕುದುರೆ ಕಟ್ಟಿದರು. ಇಷ್ಟು ಸಾಲದೇ? ಮಾಡದ ತಪ್ಪನ್ನೂ ಅವರ ತಲೆಗೆ ಯಾಕೆ ಕಟ್ಟುತ್ತೀರಿ? ಉರ್ಬಾನನನ್ನು ತೊಟ್ಟಿಗೆ ಹಾಕಿದವರು ನಾವು. ಮೂಗು ಮುರಿದದ್ದು ಊಟದ ಮನೆ ನಡೆಸುವ ಗಾಂಗೊಲ್ಫನ ಮುತ್ತಜ್ಜ, ತೊಟ್ಟಿಯ ಅಂಚಿಗೆ ತಗಲಿಸಿ. ಆಲಿಕಲ್ಲು ಬಿದ್ದು ಎಲ್ಲ ಹೋದ ವರ್ಷ, ಸಿಟ್ಟಿನಲ್ಲಿದ್ದ ಎಂದು ಅವರ ಮನೆಯವರು ಹೇಳುತ್ತಾರೆ. ಕುಡಿದಿದ್ದ ಎಂದು ನಮ್ಮ ಮನೆಯವರು. ಎರಡೂ ಇರಬಹುದು. ಬೆರಳು ಹೋದದ್ದು ಬೇರಿಗೆ ಹೇನು ಹತ್ತಿ ಬಳ್ಳಿಗಳೆಲ್ಲ ಸತ್ತ ವರ್ಷ. ಕಾಲಿನ ಬಣ್ಣ ಕಿತ್ತದ್ದು ಬೇಸಿಗೆಯೆಲ್ಲ ಮಳೆ ಸುರಿದು ಗೊಂಚಲು ಬಳ್ಳಿಯಲ್ಲೇ ಕೊಳೆತಾಗ. ಬೆನ್ನ ಮೇಲಿನ ಸುಟ್ಟ ಕಲೆ, ನಿಮ್ಮ ತಜ್ಞರು ಇಡೀ ಪುಟ ಬರೆದು ಯುದ್ಧದ ಬೆಂಕಿ ಇರಬಹುದು ಎಂದಿದ್ದಾರಲ್ಲ, ಅದು ನಮ್ಮಜ್ಜಿಯದು. ನೆನೆದವನನ್ನು ಒಣಗಲೆಂದು ಒಲೆಯ ಪಕ್ಕ ಇಟ್ಟು ಆಲೂಗಡ್ಡೆ ತರಲು ಹೋದಳು, ಪಕ್ಕದವಳು ಸಿಕ್ಕಳು, ಮಾತಿಗೆ ನಿಂತಳು. ನಮ್ಮ ಊರಿನ ಚರಿತ್ರೆ ಬೇಕಿದ್ದರೆ ಪುಸ್ತಿಕೆ ಯಾಕೆ? ಅವನ ಮೈ ನೋಡಿದರೆ ಸಾಕಾಗಿತ್ತು. ನೀವು ಅದಕ್ಕೆ ಮರದ ಪುಡಿ ತುಂಬಿ, ಉಜ್ಜಿ, ಬಣ್ಣ ಹೊಡೆದಿದ್ದೀರಿ. ಪುಸ್ತಿಕೆಯಲ್ಲಿ ಚರ್ಚಿನ ಕಮಾನುಗಳಿಗೆ ಹನ್ನೆರಡು ಪುಟ, ಊರಿನ ಜನರಿಗೆ ಒಂದು ಸಾಲು: "ನಿವಾಸಿಗಳು ಮುಖ್ಯವಾಗಿ ದ್ರಾಕ್ಷಿ ಬೆಳೆಯುತ್ತಿದ್ದರು." ಹೌದು ಸ್ವಾಮಿ, ಬೆಳೆಯುತ್ತಿದ್ದೆವು. ಬೆಳೆಯದ ವರ್ಷ ಏನು ಮಾಡುತ್ತಿದ್ದೆವು ಎಂದು ಯಾರೂ ಕೇಳಲಿಲ್ಲ.

ಏನು ಮಾಡುತ್ತಿದ್ದೆವು ಎಂದು ನಾನು ಹೇಳುತ್ತೇನೆ. ಮೇ ಇಪ್ಪತ್ತೈದು ಉರ್ಬಾನನ ದಿನ. ದ್ರಾಕ್ಷಿ ತೋಟದವರ ಸಂತ ಅವನು, ಚಿಗುರು ಕಾಯುವುದು ಅವನ ಕೆಲಸ. ಕೆಲಸ ಮಾಡಿದ್ದರೆ ಹೆಗಲ ಮೇಲೆ ಹೊತ್ತು ತೋಟ ಸುತ್ತಿಸಿ, ಬಾಯಿಗೆ ವೈನ್ ಸುರಿದು, ಹಾಡು ಹೇಳಿ ಚರ್ಚಿನ ಗೋಡೆಯ ಗೂಡಿಗೆ ಸೇರಿಸುತ್ತೇವೆ. ಮಾಡದಿದ್ದರೆ ಚರ್ಚಿನ ಮುಂದಿನ ಕಲ್ಲು ತೊಟ್ಟಿಗೆ ಹಾಕುತ್ತೇವೆ. ಅವನ ಪಾದದಡಿ ಕಬ್ಬಿಣದ ಹಲಗೆ ಇದೆಯಲ್ಲ, ಅದರ ಭಾರಕ್ಕೆ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತಾನೆ, ಗಲ್ಲದವರೆಗೆ ನೀರು, ಮೂಗಿಲ್ಲದ ಮುಖ ಮೇಲೆ. ಒಬ್ಬೊಬ್ಬರೇ ಹೋಗಿ ಬಾಯಿಗೆ ಬಂದ ಹಾಗೆ ಬೈಯುತ್ತೇವೆ. ಆ ಹೊತ್ತಿಗೆ ಪಾದ್ರಿಗಳು ಹಿಂಬಾಗಿಲಿಗೆ ಬೀಗ ಹಾಕಿದೆಯೇ ನೋಡಲು ಹೋಗುತ್ತಾರೆ. ಎಷ್ಟು ಪಾದ್ರಿಗಳು ಬಂದು ಹೋದರೋ, ಎಲ್ಲರಿಗೂ ಸರಿಯಾಗಿ ಅದೇ ಹೊತ್ತಿಗೆ ಆ ಬೀಗ ನೆನಪಾಗಿದೆ. ಬೈದು ಮುಗಿದ ಮೇಲೆ ಆ ವರ್ಷದ ನಷ್ಟಕ್ಕೆ ಯಾರೂ ಯಾರ ಹೆಸರನ್ನೂ ಎತ್ತುವಂತಿಲ್ಲ. ಎತ್ತಿದವನು ಊರಿಗೆಲ್ಲ ವೈನ್ ಕುಡಿಸಬೇಕು. ತಪ್ಪು ಉರ್ಬಾನನದು, ತೀರಿತು.

ಇದು ಅನಾಗರಿಕ ಪದ್ಧತಿ ಎಂದು ನಿಮ್ಮ ಕಚೇರಿಯ ಹೆಂಗಸು ಫೋನಿನಲ್ಲಿ ಹೇಳಿದರು. ಸಂತನಿಗೆ ಅವಮಾನವಂತೆ. ಅವನು ಬದುಕಿದ್ದಾಗ ಪೋಪ್ ಆಗಿದ್ದವನು, ಬೈಗುಳ ಕೇಳಿ ಅಭ್ಯಾಸವಿರುತ್ತದೆ.

ಈ ಏಪ್ರಿಲ್‌ನಲ್ಲಿ ಒಂದು ರಾತ್ರಿ ಹೆಪ್ಪುಗಟ್ಟುವ ಮಂಜು ಬಿತ್ತು. ಚಿಗುರೊಡೆದ ಮೇಲೆ ಬೀಳುವ ಮಂಜು ಏನು ಮಾಡುತ್ತದೆ ಎಂದು ನಿಮ್ಮ ಹವಾನಿಯಂತ್ರಿತ ಕೋಣೆಯಲ್ಲಿ ತಿಳಿಯಲಾರದು. ಬೆಳಿಗ್ಗೆ ನೋಡಿದರೆ ಬೆಟ್ಟದ ಮಗ್ಗುಲೆಲ್ಲ ಕುದಿಸಿ ಚೆಲ್ಲಿದ ಸೊಪ್ಪಿನ ಹಾಗೆ ಕಪ್ಪಾಗಿತ್ತು. ಆ ರಾತ್ರಿಯ ಕಾವಲು ನನ್ನ ತಮ್ಮ ಕಿಲಿಯಾನನದು. ಥರ್ಮಾಮೀಟರ್ ಇಳಿದರೆ ಚರ್ಚಿನ ಸಣ್ಣ ಗಂಟೆ ಹೊಡೆಯಬೇಕು, ಆಗ ಎಲ್ಲರೂ ಎದ್ದು ಚಿಗುರಿಗೆ ಬಿಸಿ ತಾಗಲೆಂದು ಬಳ್ಳಿಗಳ ಸಾಲಿನಲ್ಲಿ ಮೇಣದ ಡಬ್ಬಿಗಳನ್ನು ಹೊತ್ತಿಸುತ್ತಾರೆ. ಅವನು ಬೆಟ್ಟದ ಮೇಲೆ ನೋಡಿದಾಗ ಸರಿಯಿತ್ತು. ಕೆಳಗಿನ ತೋಟಕ್ಕೆ ಬರುವಷ್ಟರಲ್ಲಿ ಗಾಳಿ ನಿಂತು ಚಳಿ ಜಾರಿ ಅಲ್ಲೇ ಕುಳಿತಿತ್ತು. ಓಡಿ ಹೋಗಿ ಗಂಟೆ ಹೊಡೆದ. ಆಗಿಹೋಗಿತ್ತು. ಅವನ ಬಳ್ಳಿಯೂ ಹೋಯಿತು, ಗಾಂಗೊಲ್ಫನದೂ ಹೋಯಿತು, ಎಲ್ಲರದೂ ಹೋಯಿತು.

ಅಲ್ಲಿಂದ ಶುರುವಾಯಿತು. "ಏನಪ್ಪ ಕಿಲಿಯಾನ್, ನಿದ್ದೆ ಚೆನ್ನಾಗ್ ಬಂತಾ?" ಎಂದು ಒಬ್ಬ. ಬೇಕರಿಯಲ್ಲಿ ಅವನು ರೊಟ್ಟಿ ಕೇಳಿದರೆ "ಸ್ವಲ್ಪ ತಡ ಮಾಡಿದ್ರಿ, ಖಾಲಿ ಆಯ್ತಲ್ಲ" ಎಂದು ಇನ್ನೊಬ್ಬಳು. ಅವನು ನಕ್ಕು ಹೊರಟುಬಿಡುತ್ತಿದ್ದ. ನಾನೂ ಸಮಾಧಾನ ಮಾಡಿದೆ, "ಉರ್ಬಾನನ ದಿನ ಬರಲಿ ಬಿಡೋ, ಎಲ್ಲ ತೊಟ್ಟಿಗೆ ಹೋಗುತ್ತೆ" ಎಂದು. ಹಾಗೆ ಹೇಳುವಾಗ ಗೂಡಿನಲ್ಲಿ ನಿಂತಿರುವುದು ನೀವು ಕಳಿಸಿದ ಪ್ಲಾಸ್ಟಿಕ್ ನಕಲು ಎಂಬುದು ನನಗೆ ಹೊಳೆಯಲೇ ಇಲ್ಲ. ಹೋದ ವರ್ಷ ಬೆಳೆ ಚೆನ್ನಾಗಿತ್ತು, ಆ ನಕಲಿಗೂ ವೈನ್ ಸುರಿದು ಹಾಡಿದ್ದೆವು. ಸುಖದ ದಿನಕ್ಕೆ ಯಾವ ಸಂತನಾದರೂ ನಡೆಯುತ್ತದೆ.

ಉರ್ಬಾನನ ದಿನ ಊರಿಗೂರೇ ಸೇರಿತ್ತು. ಫಾದರ್ ಮರೆಕ್ ಬೀಗ ನೋಡಲು ಹೋದರು. ಗಾಂಗೊಲ್ಫ್ ನಕಲನ್ನು ಎತ್ತಿ ತೊಟ್ಟಿಗೆ ಹಾಕಿದ. ಅದು ಮುಳುಗಿತು, ಚೆಂಡಿನ ಹಾಗೆ ಎದ್ದಿತು, ಅಂಗಾತ ಮಲಗಿತು, ಹೊಸ ಮೂಗು ಆಕಾಶಕ್ಕೆ ಮಾಡಿ ನಗುತ್ತಾ ಗಿರಗಿರ ತಿರುಗಲು ಶುರು ಮಾಡಿತು. ಮೊದಲು ಎಲ್ಲರೂ ನಕ್ಕರು.

"ನೋಡ್ರೋ, ಪಟ್ಟಣಕ್ಕೆ ಹೋಗಿ ಈಜು ಕಲ್ತು ಬಂದಿದಾನೆ" ಎಂದ ಗಾಂಗೊಲ್ಫ್. ಕೋಲಿನಿಂದ ಒತ್ತಿದ. ಮತ್ತೆ ಎದ್ದಿತು. ಮೂರು ಜನ ಒತ್ತಿದರು. ಕೋಲು ಜಾರಿತು, ಮೂವರೂ ಒದ್ದೆಯಾದರು, ಅದು ನಗುತ್ತಲೇ ಇತ್ತು. ಹಾಗೆ ನಗುವವನನ್ನು ಬೈಯುವುದು ಹೇಗೆ? ಬಾಯಿ ತೆರೆದವರು ಮುಚ್ಚಿಕೊಂಡರು. ನಗು ನಿಂತಿತು. ಬೈಗುಳ ಮಾತ್ರ ಎಲ್ಲರ ಹೊಟ್ಟೆಯಲ್ಲೂ ಹಾಗೇ ಇತ್ತು. ಅದಕ್ಕೆ ಹೋಗಲು ಜಾಗ ಬೇಕಲ್ಲ?

"ಮುಳುಗ್ಬೇಕಾದೋನು ಇವನಲ್ಲ ಬಿಡಿ" ಎಂದ ಗಾಂಗೊಲ್ಫ್. "ಮುಳುಗ್ಬೇಕಾದೋನು ಒಣ ಬಟ್ಟೇಲಿ ಅಲ್ಲಿ ನಿಂತಿದಾನೆ."

ಕಿಲಿಯಾನ್ ನನ್ನ ಪಕ್ಕದಲ್ಲೇ ಇದ್ದ. ಅರವತ್ತೆರಡು ವರ್ಷದವನು, ಭಾನುವಾರದ ಸೂಟು. ಟೋಪಿ ತೆಗೆದು ನನ್ನ ಕೈಗಿಟ್ಟ. "ಹಿಡ್ಕೋ ಅಕ್ಕಾ" ಎಂದ. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಬೂಟಿನ ಸಮೇತ ತೊಟ್ಟಿಗೆ ಇಳಿದು ಕುಳಿತುಬಿಟ್ಟ. ಎದೆಯವರೆಗೆ ನೀರು ಬಂತು. ಆ ಪ್ಲಾಸ್ಟಿಕ್ಕಿನದು ತೇಲಿಕೊಂಡು ಹೋಗಿ ಅವನ ಹೆಗಲಿಗೆ ಬಡಿಯಿತು. ಅವನು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಹೂಂ, ಬೈರಿ" ಎಂದ. "ಒಬ್ಬೊಬ್ರಾಗಿ ಬನ್ನಿ. ಗಾಂಗೊಲ್ಫ್, ನಿನ್ನಿಂದ ಶುರುವಾಗ್ಲಿ."

ಯಾರೂ ಬರಲಿಲ್ಲ. ನನಗೆ ತೋಚಿದ್ದು ಒಂದೇ, "ಥಂಡಿ ಆಗುತ್ತೆ, ಎದ್ದೇಳೋ" ಎಂದೆ. ಫಾದರ್ ಮರೆಕ್ ಬೀಗ ನೋಡಿಕೊಂಡು ಬಂದರು, ತೊಟ್ಟಿಯಲ್ಲಿ ಮನುಷ್ಯನನ್ನು ನೋಡಿದರು, ಮತ್ತೊಮ್ಮೆ ಬೀಗ ನೋಡಲು ಹೋಗಲಿಲ್ಲ. ಶೂ ಬಿಚ್ಚಿ, ನಿಲುವಂಗಿ ಎತ್ತಿಕಟ್ಟಿ ತಾವೇ ಇಳಿದು ಅವನ ತೋಳು ಹಿಡಿದು ಎಬ್ಬಿಸಿದರು. ಕಿಲಿಯಾನ್ ಯಾರನ್ನೂ ನೋಡದೆ ನೀರು ಸುರಿಸಿಕೊಂಡು ಮನೆಗೆ ನಡೆದ.

ಅಂದಿನಿಂದ ಅವನು ಚರ್ಚಿಗೆ ಬರುವುದಿಲ್ಲ. ಹಾಡಿನ ಗುಂಪಿನಲ್ಲಿ ದಪ್ಪ ದನಿಯಿದ್ದದ್ದು ಅವನೊಬ್ಬನಿಗೇ, ಈಗ ನಾವು ಹಾಡಿದರೆ ಸೊಳ್ಳೆಗಳ ಹಾಗೆ ಕೇಳುತ್ತದೆ. ನವೆಂಬರಿನಲ್ಲಿ, ಗೇಣಿಯ ವರ್ಷ ಮುಗಿಯುವ ಸಂತ ಮಾರ್ಟಿನನ ದಿನಕ್ಕೆ ಗೇಣಿ ತೋಟವನ್ನು ಬಿಟ್ಟುಕೊಟ್ಟು ಊರು ಬಿಡುತ್ತೇನೆ ಎಂದು ಮಾಲೀಕನಿಗೆ ಹೇಳಿ ಬಂದಿದ್ದಾನೆ. ನನ್ನ ಹತ್ತಿರ ಹೇಳಿಲ್ಲ. ನಾನು ಬಾಗಿಲು ತಟ್ಟಿದರೆ "ಮಲಗಿದೀನಿ ಅಕ್ಕಾ" ಎನ್ನುತ್ತಾನೆ, ಹಾಡಹಗಲಲ್ಲಿ. ಗಾಂಗೊಲ್ಫ್ ಅವನ ಗೇಟಿಗೆ ತನ್ನ ಅತಿ ಹಳೆಯ ವೈನಿನ ಬಾಟಲಿ ತಂದಿಟ್ಟ. ಅದು ಬಿಸಿಲಿಗೆ ಕಾದು ಹಾಳಾಗುವವರೆಗೂ ಅಲ್ಲೇ ಇತ್ತು. ಆಮೇಲೆ ಗಾಂಗೊಲ್ಫ್ ನನ್ನ ಅಡುಗೆ ಮನೆಗೆ ಬಂದು ಕುಳಿತ. ಅಷ್ಟು ದೊಡ್ಡ ಗಂಡಸು, ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಉಪ್ಪಿನ ಡಬ್ಬಿ ತಿರುಗಿಸುತ್ತಿದ್ದ.

"ವಾಲ್‌ಬುರ್ಗಾ, ನಮ್ಮ ಹಳೇ ಉರ್ಬಾನನ್ನ ತರಿಸು. ಅವನಿಗೆ ಬೈದಿದ್ರೆ ನಾನು ಇವನಿಗೆ ಬೈತಾ ಇರ್ಲಿಲ್ಲ."

"ಹೋಗಿ ಕ್ಷಮೆ ಕೇಳೋಕಾಗಲ್ವಾ ನಿಂಗೆ?"

"ಕೇಳಿದ್ರೆ ತಪ್ಪು ಅವನದೇ, ಬೈದದ್ದು ಮಾತ್ರ ಹೆಚ್ಚಾಯ್ತು ಅಂತಾಗುತ್ತೆ. ತಪ್ಪು ಅವನದಲ್ಲ. ನನಗೆ ಗೊತ್ತು."

"ಮತ್ತೆ ಯಾರದು?"

"ಉರ್ಬಾನನದು" ಎಂದ, ತಡಮಾಡದೆ.

ನಿಮ್ಮ ಕಚೇರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಆ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡು, ನಕಲು ತೇಲುವುದು ದೋಷವಲ್ಲ, ಅದು ಎಲ್ಲ ಹವಾಮಾನವನ್ನೂ ತಾಳಿಕೊಳ್ಳುತ್ತದೆ ಎಂದರು. ನಿಜ ಅಮ್ಮ, ಎಲ್ಲವನ್ನೂ ತಾಳಿಕೊಳ್ಳುತ್ತದೆ, ಅದಕ್ಕೆ ಏನೂ ತಾಗುವುದಿಲ್ಲ. ತಾಗದವನನ್ನು ಇಟ್ಟುಕೊಂಡು ನಾವೇನು ಮಾಡೋಣ? ಮರವನ್ನು ಉಳಿಸಬೇಕು ಎನ್ನುತ್ತೀರಿ. ಒಪ್ಪಿದೆ. ಮೂಗು ಹೋಯಿತು, ಬೆರಳು ಹೋಯಿತು, ಇನ್ನೂರು ವರ್ಷ ಕಳೆದರೆ ಅವನೇ ಹೋಗಬಹುದು. ಅದನ್ನು ನೆನೆದು ನಾನೂ ನಿದ್ದೆಗೆಡುತ್ತೇನೆ, ನಿದ್ದೆಗೆಡುವುದರಲ್ಲಿ ನಿಮಗಿಂತ ಅನುಭವ ನನಗೆ ಹೆಚ್ಚು. ಆದರೆ ಸವೆಯುವುದಕ್ಕೆಂದೇ ಅವನನ್ನು ಕೆತ್ತಿಸಿದವರು ನಮ್ಮವರು. ಅವನು ಸವೆಯದೆ ಉಳಿದರೆ ಬದಲಿಗೆ ಯಾರು ಸವೆಯಬೇಕು? ಈ ವರ್ಷ ನನ್ನ ತಮ್ಮ. ಮುಂದಿನ ಮಂಜಿಗೆ ಯಾರು ಎಂದು ತಾವೇ ಹೇಳಿಕಳಿಸಿ, ಅವರಿಗೆ ಮೊದಲೇ ಒಣ ಬಟ್ಟೆ ತೆಗೆದಿಡುತ್ತೇನೆ.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಮಾರ್ಟಿನನ ದಿನದೊಳಗೆ ನಮ್ಮ ಉರ್ಬಾನನನ್ನು ಕಳಿಸಿ. ವ್ಯಾನ್ ಇಲ್ಲದಿದ್ದರೆ ಗಾಂಗೊಲ್ಫ್ ಟ್ರಾಕ್ಟರ್ ತರುತ್ತಾನೆ. ಉರ್ಬಾನನ ದಿನ ಮುಗಿದರೂ ಪರವಾಗಿಲ್ಲ, ತಡವಾಗಿ ಬೈಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ತೊಟ್ಟಿಗೆ ಹಾಕುವುದಿಲ್ಲ ಎಂದು ಬರೆದುಕೊಡಿ ಎಂದರೆ ಕೊಡುವುದಿಲ್ಲ, ಹಾಕುತ್ತೇವೆ. ಒಲೆಯ ಪಕ್ಕ ಇಟ್ಟು ಮಾತಿಗೆ ನಿಲ್ಲುವುದಿಲ್ಲ ಎಂದು ಮಾತ್ರ ನನ್ನ ಪರವಾಗಿ ಬರೆದುಕೊಡುತ್ತೇನೆ. ಕಳಿಸುವ ಮೊದಲು ಆ ಮೂಗು ಬಿಚ್ಚಿ ನೀವೇ ಇಟ್ಟುಕೊಳ್ಳಿ, ಬೆರಳುಗಳನ್ನೂ. ನಿಮ್ಮ ನಕಲನ್ನು ನಾವು ತೊಳೆದು, ಒರೆಸಿ ಹಿಂದಿರುಗಿಸುತ್ತೇವೆ. ಗಾಜಿನ ಪೆಟ್ಟಿಗೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಸ್ವೀಡನ್ನಿನವರ ಕಥೆಯನ್ನು ಬೇಕಿದ್ದರೆ ಅದರ ಕೆಳಗೆ ಅಂಟಿಸಿಕೊಳ್ಳಿ.

ದಯವಿಟ್ಟು ತಡ ಮಾಡಬೇಡಿ. ನನ್ನ ತಮ್ಮನ ಟೋಪಿ ಇನ್ನೂ ನನ್ನ ಹತ್ತಿರವೇ ಇದೆ. ಬಾಗಿಲಿನ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ. ಕೇಳಿಕೊಂಡು ಬರುತ್ತಾನೆ ಎಂದು ನೋಡುತ್ತಿದ್ದೇನೆ, ಬಂದಿಲ್ಲ. ನಾನಾಗಿಯೇ ಒಯ್ದು ಕೊಟ್ಟರೆ ಅದನ್ನು ಹಾಕಿಕೊಂಡು ಊರು ಬಿಟ್ಟು ಹೋಗುತ್ತಾನೆ ಎಂಬ ಭಯ.

ಇಂತಿ,
ಉರ್ಬಾನನಿಲ್ಲದ ಗೂಡಿನ ಧೂಳನ್ನು ವಾರಕ್ಕೊಮ್ಮೆ ತಪ್ಪದೆ ಒರೆಸುವ,
ಈ ಪತ್ರವನ್ನು ಅಂಚೆಗೆ ಹಾಕಿ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ನೋಡಲು ಮತ್ತೆ ಚರ್ಚಿಗೆ ಹೋಗಬೇಕಾಗಿರುವ,
ವಾಲ್‌ಬುರ್ಗಾ ಝೆಂಡರ್
ಕೆಲ್ಟರ್‌ಬಾಖ್